ಅಜ್ಜಿಯ ತಾಮ್ರದ ಚೆಂಬು

ಟುಸಾನ್, ಅಕ್ಟೋಬರ್ 12

ಪ್ರೀತಿಯ ಶುಶಾನ್ ಅಕ್ಕ,

ಗ್ಲೆಂಡೇಲ್‌ನ ಅಜ್ಜಿಮನೆಯನ್ನು ನೀನು ಮಾರುವುದಕ್ಕೆ ನನ್ನ ತಕರಾರಿಲ್ಲ. ಕೇಳಬೇಕಾದದ್ದು ಬೇರೆ. ಫೋನಿನಲ್ಲಿ ಹೇಳಿದರೆ ನಗುತ್ತೀಯ, ಅದಕ್ಕೇ ಕೊರಿಯರಿನಲ್ಲಿ ಈ ಕಾಗದ.

ನಮ್ಮ ಅರ್ಮೇನಿಯನ್ ಹೆವಿ ಮೆಟಲ್ ಸಂಗೀತದ ಬ್ಯಾಂಡ್ ಅಜ್ಜಿಯ ಗ್ಯಾರೇಜಿನಲ್ಲಿ ಹುಟ್ಟಿದ ದಿನದಿಂದ, ಪ್ರತಿ ಪ್ರವಾಸಕ್ಕೂ ಅವಳು ವ್ಯಾನಿನ ಹಿಂದೆ ಒಂದು ಚೆಂಬು ನೀರು ಚೆಲ್ಲುತ್ತಿದ್ದಳು, ಹೋದವರು ಕ್ಷೇಮವಾಗಿ ಮರಳಲೆಂದು. “ಕಿರುಚಿದ್ದು ಸಾಕಾದ್ಮೇಲೆ ಮನೆಗೆ ಬನ್ರೋ” ಅನ್ನುತ್ತಿದ್ದಳು. ನಾಲ್ಕು ಆಲ್ಬಂ, ಒಂಬತ್ತು ವರ್ಷದ ಜಗಳ, ಮತ್ತೆ ರಾಜಿ. ಹೋದಾಗಲೆಲ್ಲ ನಾಲ್ವರೂ ಮರಳಿದ್ದೇವೆ.

ಈ ಕೊನೆಯ ಪ್ರವಾಸಕ್ಕೆ ಹೊರಟಾಗ ಅವಳು ತೀರಿಕೊಂಡು ಐದು ತಿಂಗಳಾಗಿತ್ತು. ಯಾರೂ ನೀರು ಚೆಲ್ಲಲಿಲ್ಲ. ಆದರೂ ಪ್ರತಿ ಊರಿನಲ್ಲಿ, ಬೆಳಿಗ್ಗೆ ಹೊರಡುವಾಗ, ವ್ಯಾನಿನ ಹಿಂದೆ ನೆಲ ಒಂದು ಚೆಂಬಿನಷ್ಟು ಒದ್ದೆಯಾಗಿರುತ್ತಿತ್ತು. ಅದರಲ್ಲಿ ಅವಳ ಹಿತ್ತಲಿನ ಏಪ್ರಿಕಾಟ್ ಮರದ್ದೊಂದು ಎಲೆ. ಡ್ರಮ್ ಬಾರಿಸುವ ಝಾವೆನ್ ಒಬ್ಬನೇ ನಕ್ಕ: “ಮುದುಕಿ ಟಿಕೆಟ್ಟಿಲ್ದೆ ಟೂರಿಗೆ ಬಂದಿದಾಳೆ ಕಣೋ.”

ಎಂಟನೇ ತಾರೀಖಿನ ನಂತರ ನೆಲ ಒಣಗೇ ಇದೆ. ಒಂಬತ್ತರ ಬೆಳಿಗ್ಗೆ ಸಿಗರೇಟು ತರಲು ಹೋದ ಝಾವೆನ್ ಇನ್ನೂ ಬಂದಿಲ್ಲ. ಪೊಲೀಸರಿಗೆ ತಿಳಿಸಿದ್ದೇವೆ. ಅಜ್ಜಿಮನೆಯ ನೀರಿನ ಸಂಪರ್ಕವನ್ನು ಎಂಟಕ್ಕೆ ತೆಗೆಸಿದೆನೆಂದು ನೀನು ಕಳಿಸಿದ ಸುದ್ದಿಯನ್ನು ನಾನು ಓದಿದ್ದು ನಿನ್ನೆ.

ದಯವಿಟ್ಟು ಮತ್ತೆ ಹಾಕಿಸು. ಚೆಂಬು ಅಡುಗೆಮನೆಯ ಮೊಳೆಯಲ್ಲೇ ಇರಲಿ. ನಾವಿನ್ನೂ ಮೂವರಿದ್ದೇವೆ. ನಲ್ಲಿಯನ್ನು ಮಾತ್ರ ಬಿಗಿಯಾಗಿ ತಿರುಗಿಸಬೇಡ. ಅಜ್ಜಿಗೆ ಮಣಿಕಟ್ಟು ನೋಯುತ್ತದೆ.

ನಿನ್ನ ತಮ್ಮ,
ನುಬಾರ್