ಕಂಬಳಿಯ ಕ್ಷೌರ

ಮಾರ್ಚ್ 4, ಸೋಮವಾರ

ಎಂಟನೆಯ ದಿನ. ಇನ್ನೆರಡು. ಕೆಲಸಕ್ಕೆ ಹೋಗುವ ಮೊದಲು ಈ ಹೊಸ ಊರಿನ ಪ್ರಾಣಿಗಳ ಕ್ವಾರಂಟೈನ್‌ಗೆ ಹೋಗಿ ಬಂದೆ. ಕೊಡುವುದೇ ಅರ್ಧ ಗಂಟೆ, ಅದರಲ್ಲಿ ಹತ್ತು ನಿಮಿಷ ರಿಜಿಸ್ಟರಿಗೆ ಸಹಿ ಹಾಕುವುದಕ್ಕೆ. ಬೆಕ್ಕು ನನ್ನನ್ನು ನೋಡಿ ಆಕಳಿಸಿತು. ಮೇಡಂ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಹತ್ತು ಗಂಟೆ ವಿಮಾನದ ಹೊಟ್ಟೆಯಲ್ಲಿ ಕೂತು ಬಂದರೂ ಮೀಸೆಯ ಒಂದು ಎಳೆ ಕೊಂಕಿಲ್ಲ. ನಾಯಿ ಕಂಬಳಿ ಮಾತ್ರ ಅತ್ತೆಯ ಹಳೆಯ ಸೀರೆಯ ಮೇಲೆ ಮೂತಿ ಇಟ್ಟುಕೊಂಡು ಮಲಗಿದ್ದ. ಮರ್ಯಾದೆಗೆ ಎರಡು ಸಲ ಬಾಲ ಆಡಿಸಿದ. ಬೊಗಳಲಿಲ್ಲ.

ನೋಡಿಕೊಳ್ಳುವವಳು ಕೇಳಿದಳು, "ಈ ನಾಯಿಗೆ ದನಿ ಇದೆಯಾ?"

"ಇದೆ ತಾಯಿ. ನಮ್ಮ ಹಳೇ ಬಿಲ್ಡಿಂಗಿನವರನ್ನ ಕೇಳಿ ನೋಡಿ."

ಹೊರಡುವ ದಿನ ಅತ್ತೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಆಮೇಲೆ ಮಾತು ಬದಲಾಗಬಾರದು, ಅವರದ್ದೂ ನನ್ನದೂ. "ಮೊದಲು ಕಂಬಳಿ ಹೋಗ್ಲಿ. ಏಪ್ರಿಲ್ ಏಳರವರೆಗೂ ನೋಡ್ತೀನಿ. ಆ ಬಿಸಿಲಲ್ಲಿ ಅವನು ಚೆನ್ನಾಗಿದ್ರೆ ನಾನೂ ಬರ್ತೀನಿ. ಇಲ್ಲಾಂದ್ರೆ ಅವನನ್ನ ವಾಪಸ್ ಕಳಿಸು. ನಾವಿಬ್ರೂ ನನ್ನ ತಂಗಿ ಮನೇಲಿ ಇದ್ದುಬಿಡ್ತೀವಿ." ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವರು. ಷರತ್ತನ್ನೂ ಸೀಟಿ ಊದಿದ ಹಾಗೆಯೇ ಹೇಳುತ್ತಾರೆ.

ಬಂದೇ ಬರುತ್ತಾರೆ. ನಾನು ಕೈ ಹಾಕಿದ ಕೆಲಸ ಯಾವಾಗ ಕೆಟ್ಟಿದೆ?

ಮಾರ್ಚ್ 6, ಬುಧವಾರ

ಇಬ್ಬರೂ ಮನೆಗೆ ಬಂದರು! ಮೇಡಂ ಐದು ನಿಮಿಷದಲ್ಲಿ ಫ್ರಿಜ್ಜಿನ ಮೇಲೆ. ಹುಟ್ಟಿದ್ದೇ ಇಲ್ಲಿ ಎನ್ನುವ ಹಾಗೆ. ಕಂಬಳಿ ಎರಡೂ ರೂಮು ಮೂಸಿ, ಬಾಲ್ಕನಿ ಮೂಸಿ, ಕೊನೆಗೆ ಬಚ್ಚಲಿನ ತಣ್ಣನೆಯ ಟೈಲ್ಸ್ ಮೇಲೆ ಧೊಪ್ಪೆಂದು ಬಿದ್ದುಕೊಂಡ. ಚಳಿಯ ಊರಿನಲ್ಲಿ ಒಂಬತ್ತು ವರ್ಷ ಬೆಳೆಸಿದ ಕೂದಲು ಮೈಮೇಲೆ. ಹೆಸರೇ ಕಂಬಳಿ, ಪಾಪ.

ಅತ್ತೆ ಕೊಟ್ಟ ನೋಟ್‌ಬುಕ್ ತೆಗೆದೆ. ಹಾಜರಿ ಪುಸ್ತಕದ ಹಾಳೆಯಲ್ಲಿ ಹದಿನಾಲ್ಕು ಸೂಚನೆಗಳು. ಆರು ಗಂಟೆಯೊಳಗೆ ವಾಕಿಂಗ್. ರಸ್ತೆಗೆ ಕೈಯ ಹಿಂಭಾಗ ಇಟ್ಟು ಏಳು ಎಣಿಸು, ನಿನಗೆ ಸುಟ್ಟರೆ ಅವನಿಗೂ ಸುಡುತ್ತೆ. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣುಗು ಹುಡುಕು. ಎಲ್ಲ ಓದಿದೆ. ಒಂಬತ್ತನೆಯದು "ಕೂದಲು" ಎಂದು ಶುರುವಾಗುತ್ತದೆ. ಅದೊಂದನ್ನು ಹಾರಿಸಿದೆ. ಇಪ್ಪತ್ತೆರಡು ವರ್ಷ ಪಾರ್ಲರಿನಲ್ಲಿ ಕತ್ತರಿ ಹಿಡಿದವಳಿಗೆ ಕೂದಲಿನ ಪಾಠವೇ?

ಮಾರ್ಚ್ 8, ಶುಕ್ರವಾರ. ಬೆಳಿಗ್ಗೆ 6.30

ವಾಕಿಂಗ್ ಮುಗಿಯಿತು. ಮೂರು ಉಣುಗು ಸಿಕ್ಕವು, ಹುಬ್ಬು ಕೀಳುವ ಪ್ಲಕ್ಕರಿನಿಂದಲೇ ಕಿತ್ತೆ. ಒಂದೊಂದಕ್ಕೂ ಒಂದೇ ಸೆಕೆಂಡು. ಸಾಮಾನು ಸರಿಯಿದ್ದರೆ ಯಾವ ಗಿರಾಕಿಯಾದರೇನು.

ಆದರೆ ಕಂಬಳಿ ತಿನ್ನುತ್ತಿಲ್ಲ. ಹಗಲೆಲ್ಲ ನಾಲಿಗೆ ಚಾಚಿ ಏದುಸಿರು. ಬೇಯಿಸಿದ ಕೋಳಿಯನ್ನು ಮೂಸಿ ಮುಖ ತಿರುಗಿಸುತ್ತಾನೆ. ಮಿಕ್ಕಿದ್ದು ಮೇಡಂಗೆ.

ಇಲ್ಲಿಯ ಪಾರ್ಲರಿನಲ್ಲಿ ನನಗೆ ಸುಗ್ಗಿ. ಈ ಸೆಕೆಗೆ ಎಲ್ಲರ ತಲೆಯೂ ಪೊರಕೆ. ಬಂದವರೆಲ್ಲ ಒಂದೇ ಮಾತು: "ಕಟ್ ಮಾಡಿ ಬಿಸಾಡಿ, ತಲೆ ಹಗುರಾದ್ರೆ ಸಾಕು." ಕಟ್ ಮಾಡುತ್ತೇನೆ. ನಗುತ್ತಾ ಹೋಗುತ್ತಾರೆ.

ಮಾರ್ಚ್ 10, ಭಾನುವಾರ

ರಜೆ. ಕಂಬಳಿಗೆ ಜೀರೋ ಕಟ್!

ಎರಡು ದಿನದಿಂದ ಕೈ ತುರಿಸುತ್ತಿತ್ತು. ಬಾಲ್ಕನಿಯಲ್ಲಿ ಹಾಳೆ ಹಾಸಿ, ನನ್ನ ದೊಡ್ಡ ಮೆಷಿನ್ ತೆಗೆದೆ. ಕುತ್ತಿಗೆಯಿಂದ ಬಾಲದವರೆಗೆ ಒಂದೇ ಸಮ. ಒಂದು ಗಾಯ ಇಲ್ಲ, ಕೂದಲಲ್ಲಿ ಏರಿಳಿತದ ಒಂದು ಮೆಟ್ಟಿಲೂ ಇಲ್ಲ. ತಲೆ ಮಾತ್ರ ಬಿಟ್ಟೆ, ಮುಖಕ್ಕೆ ಒಪ್ಪುತ್ತದೆ. ಒಂದೂವರೆ ಗಂಟೆ. ಒಳಗೆ ಇನ್ನೊಂದು ಸಣ್ಣ ನಾಯಿ ಇತ್ತು ಎಂದು ಯಾರಿಗೆ ಗೊತ್ತಿತ್ತು? ಮೇಡಂ ನೋಡಿ ಬೆನ್ನು ಬಿಲ್ಲು ಮಾಡಿ ಬುಸುಗುಟ್ಟಿತು.

ಸಂಜೆ ತಟ್ಟೆ ಖಾಲಿ ಮಾಡಿದ. ನೆಕ್ಕಿದ. ನೋಡಿದೆಯಾ, ಎಂದು ನನಗೆ ನಾನೇ ಹೇಳಿಕೊಂಡೆ.

ಗಂಡನಿಗೆ ಫೋಟೋ ಕಳಿಸಿದೆ. ಇವರು ಇನ್ನೂ ಹಳೆಯ ಆಫೀಸಿನ ನೋಟಿಸ್ ಪೀರಿಯಡ್ ಮುಗಿಸುತ್ತಾ ಅಲ್ಲೇ ಇದ್ದಾರಲ್ಲ. ಉತ್ತರ ಬಂತು: "ಯಾರಿದು?" ಆಮೇಲೆ: "ಅಮ್ಮಂಗೆ ತೋರಿಸ್ಲಾ?"

"ಬೇಡ. ಸರ್ಪ್ರೈಸ್."

ಮಾರ್ಚ್ 12, ಮಂಗಳವಾರ

ಕಂಬಳಿಯ ಬೆನ್ನು ಕೆಂಪಗಿದೆ. ಅಲ್ಲಿ ಚಳಿಗೆ ಬಿಸಿಲು ಹುಡುಕಿ ಮಲಗುತ್ತಿದ್ದ ಅಭ್ಯಾಸ. ನಾನು ಕೆಲಸಕ್ಕೆ ಹೋದಾಗ ಇಲ್ಲೂ ಬಾಲ್ಕನಿಯ ಬಿಸಿಲಲ್ಲಿ ಮಲಗಿದ್ದಾನೆ. ಈಗ ಗೋಡೆಗೆ ಉಜ್ಜಿಕೊಳ್ಳುತ್ತಿದ್ದಾನೆ. ಲೋಳೆಸರ ಹಚ್ಚಿದೆ. ಸರಿಹೋಗುತ್ತದೆ.

ಮಾರ್ಚ್ 13, ಬುಧವಾರ

ಸರಿಹೋಗಲಿಲ್ಲ. ಬೊಬ್ಬೆ ಎದ್ದು ನೀರು ಒಸರುತ್ತಿದೆ. ಅರ್ಧ ದಿನ ರಜೆ ಹಾಕಿ ಪಶುವೈದ್ಯೆಯ ಹತ್ತಿರ ಓಡಿದೆ.

ಡಾಕ್ಟರಮ್ಮ ಕನ್ನಡಕ ಮೇಲೇರಿಸಿ ಕೇಳಿದರು, "ಯಾರು ಬೋಳಿಸಿದ್ದು?"

"ನಾನೇ. ಇದೇ ನನ್ನ ವೃತ್ತಿ."

"ಕೆಲಸವೇನೋ ನೀಟಾಗಿದೆ. ಇನ್ಮೇಲೆ ಮನುಷ್ಯರಿಗೆ ಮಾತ್ರ ಮಾಡಿ."

ಕೂರಿಸಿಕೊಂಡು ಹೇಳಿದರು. ಈ ಜಾತಿಯ ನಾಯಿಗೆ ಎರಡು ಪದರ ಕೂದಲು. ಮೇಲಿನದು ಬಿಸಿಲನ್ನು ತಡೆಯುತ್ತದೆ. ಒಳಗಿನ ಮೆತ್ತನೆಯದು ಸೆಕೆಗೆ ತಾನೇ ಉದುರುತ್ತದೆ. ಬಾಚಿ ತೆಗೆಯುತ್ತಿದ್ದರೆ ಗಾಳಿ ಆಡುತ್ತದೆ. ಅವನು ಮೊದಲ ನಾಲ್ಕು ದಿನ ತಿನ್ನದೆ ಇದ್ದದ್ದು ಜಾಗ ಹೊಸದು ಅಂತ, ಕೂದಲಿಗಲ್ಲ.

"ಮತ್ತೆ ಬೆಳೆಯುತ್ತಾ?"

"ಬೆಳೀಬಹುದು. ತೇಪೆ ತೇಪೆಯಾಗಿ ಬರಬಹುದು. ಕೆಲವು ಕಡೆ ಬರದೇನೂ ಇರಬಹುದು."

"ವಾಪಸ್ ಕಳಿಸೋ ಹಾಗಾದ್ರೆ..."

"ಈ ವಯಸ್ಸಿಗೆ ಇನ್ನೊಂದು ಸಲ ವಿಮಾನವಾ? ನಾನಂತೂ ಸಹಿ ಹಾಕಲ್ಲ."

ಮನೆಗೆ ಬಂದು ಒಂಬತ್ತನೆಯ ಸೂಚನೆ ಓದಿದೆ. "ಕೂದಲು: ಕತ್ತರಿ, ಮೆಷಿನ್ ಎರಡನ್ನೂ ತಾಗಿಸಬೇಡ. ನಿನಗೆ ಕೈ ತುರಿಸುತ್ತೆ, ಗೊತ್ತು. ಬಾಚು. ಅಷ್ಟೇ." ಕೆಂಪು ಇಂಕಿನಲ್ಲಿ ಎರಡು ಗೆರೆ.

ಬಚ್ಚಲಿನಲ್ಲಿ ಅವನ ಪಕ್ಕ ಕೂತು ಅತ್ತುಬಿಟ್ಟೆ. ಚೆನ್ನಾಗಿಯೇ ಅತ್ತುಬಿಟ್ಟೆ. ಅವನು ನನ್ನ ಕೈ ನೆಕ್ಕಿದ. ಅದಕ್ಕೆ ಇನ್ನಷ್ಟು ಅಳು ಬಂತು.

ಮಾರ್ಚ್ 15, ಶುಕ್ರವಾರ

ಅತ್ತೆಯ ವಿಡಿಯೋ ಕಾಲ್. ಮುಖ ಮಾತ್ರ ತೋರಿಸಿದೆ. ಕುತ್ತಿಗೆಯಿಂದ ಕೆಳಗೆ ಟವೆಲ್. ತಲೆಯ ಕೂದಲು ಬಿಟ್ಟಿದ್ದು ಎಂಥ ಪುಣ್ಯ.

ಅಲ್ಲಿಂದಲೇ ಸೀಟಿ ಊದಿದರು, ಮೂರು ಸಲ. ಕಂಬಳಿ ಫೋನಿನ ಗಾಜು ನೆಕ್ಕಿದ. ಬೊಗಳಲಿಲ್ಲ.

"ದಿನಾ ಬಾಚ್ತಿದ್ಯಾ?"

"ದಿನಾ ಅತ್ತೆ."

"ಕೂದಲು ಉದುರ್ತಿದ್ಯಾ?"

"ಒಂದೇ ಒಂದು ಎಳೆ ಇಲ್ಲ! ಮನೆ ಕನ್ನಡಿ ಹಾಗಿದೆ."

"ಓ" ಎಂದರು. ಖುಷಿಯಾಗಿರಬೇಕು.

ಇವರು ಆಮೇಲೆ ಮೆಸೇಜ್ ಹಾಕಿದರು: "ನಂಗೇನೂ ಗೊತ್ತಿಲ್ಲ ಅಂತಲೇ ಇಟ್ಕೋ."

ಮಾರ್ಚ್ 19, ಮಂಗಳವಾರ

ಇವರ ಹಳೆಯ ಬಿಳಿ ಬನಿಯನ್‌ಗೆ ನಾಲ್ಕು ಹೊಲಿಗೆ ಹಾಕಿದೆ. ಕಂಬಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಒದ್ದೆ ಮಾಡಿ ತೊಡಿಸಿದರೆ ಬಿಸಿಲೂ ಇಲ್ಲ, ಸೆಕೆಯೂ ಇಲ್ಲ. ಬೆಳಗಿನ ಹೊತ್ತು ಬನಿಯನ್ ತೊಟ್ಟು ಗಂಭೀರವಾಗಿ ನಡೆಯುತ್ತಾನೆ, ಪೇಪರ್ ತರಲು ಹೊರಟ ಯಜಮಾನನ ಹಾಗೆ. ಎದುರು ಮನೆಯವರು ನಮಸ್ಕಾರ ಮಾಡಿದರು. ಅವನಿಗೋ ನನಗೋ ಗೊತ್ತಾಗಲಿಲ್ಲ.

ಬೊಬ್ಬೆ ಒಣಗಿದೆ. ಬಾಲ್ಕನಿ ಬಾಗಿಲಿಗೆ ಚಿಲಕ. ಫ್ಯಾನು ನೆಲದ ಮೇಲೆ. ಬಟ್ಟೆ ನೆನೆಸುವ ಟಬ್ಬಿನಲ್ಲಿ ನಾಲ್ಕು ಐಸ್ ತುಂಡು ಹಾಕಿದರೆ ಕಾಲಿಟ್ಟು ನಿಲ್ಲುತ್ತಾನೆ. ಕಲಿತೆ. ನಾನು ಕಲಿಯುವುದೂ ಬೇಗ.

ಮಾರ್ಚ್ 31, ಭಾನುವಾರ

ಹನ್ನೆರಡು ದಿನ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಾಗುತ್ತದಲ್ಲ.

ಕಂಬಳಿಯ ಹೆಗಲಿನ ಮೇಲೆ ಕೂದಲು ಬೆರಳಗಲ ಬಂದಿದೆ. ಪಕ್ಕೆಯಲ್ಲೂ ಚಿಗುರಿದೆ. ನಡುಬೆನ್ನಿನಲ್ಲಿ ಮಾತ್ರ ಅಂಗೈಯಷ್ಟು ಜಾಗ ಬೋಳು, ನುಣ್ಣಗೆ. ತಿನ್ನುತ್ತಾನೆ, ನಡೆಯುತ್ತಾನೆ, ಎರಡು ಕಿಲೋ ಹೆಚ್ಚಾಗಿದ್ದಾನೆ. ಬೊಗಳುವುದೊಂದಿಲ್ಲ. ಷರತ್ತಿನ ಪ್ರಕಾರ ನಾಯಿ ಚೆನ್ನಾಗಿದೆ. ಅತ್ತೆಯ ವಿಡಿಯೋ ಕಾಲ್ ನಾಲ್ಕು ಆಯಿತು, ನಾಲ್ಕರಲ್ಲೂ ಮುಖ ಮಾತ್ರ. ಇನ್ನೊಂದೇ ವಾರ. ಹೇಳದಿದ್ದರೆ ಬಂದೇ ಬಿಡುತ್ತಾರೆ. ಬಂದ ಮೇಲೆ ಗೊತ್ತಾದರೆ ವಾಪಸ್ ಹೋಗುತ್ತಾರಾ? ಹೋಗುವುದಿಲ್ಲ.

ಹೀಗೆ ಲೆಕ್ಕ ಹಾಕುತ್ತಿದ್ದೇನೆ. ಯಾರ ಹತ್ತಿರ? ಅತ್ತೆಯ ಹತ್ತಿರ!

ಮದುವೆಯಾದ ಹೊಸದರಲ್ಲಿ ಪಾರ್ಲರ್ ಕೋರ್ಸಿಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರ ಮುಖ ಗಂಟು. ಅತ್ತೆ ಮಾತಾಡಲಿಲ್ಲ. ಅಡುಗೆಮನೆಯಿಂದ ಕುರ್ಚಿ ತಂದು ಹಾಕಿಕೊಂಡು ಕೂತರು. "ಮೊದಲ ಗಿರಾಕಿ ನಾನು. ಕತ್ತರಿಸು." ಸೊಂಟದವರೆಗೆ ಇದ್ದ ಜಡೆ. ನನ್ನ ಕತ್ತರಿ ಜಾರಿ ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಭುಜದವರೆಗೆ ಆಯಿತು. ಸರಿಮಾಡಲು ಹೋದರೆ ಇನ್ನೂ ಕೆಟ್ಟಿತು. ಅದೇ ತಲೆಯಲ್ಲಿ ತಿಂಗಳುಗಟ್ಟಲೆ ಸ್ಕೂಲಿಗೆ ಹೋದರು. ಯಾರು ಕೇಳಿದರೂ ಎದೆ ಸೆಟೆಸಿ, "ನನ್ನ ಸೊಸೆ ಮಾಡಿದ್ದು." ಬಚ್ಚಿಡಲಿಲ್ಲ. ಸೆರಗು ಕೂಡ ಹೊದೆಯಲಿಲ್ಲ.

ನಾನು ಟವೆಲ್ ಹೊದಿಸುತ್ತಿದ್ದೇನೆ.

ಅವರು ಇಲ್ಲಿಗೆ ಬರಬೇಕು. ಇವರು ಬರುವುದು ಇದ್ದೇ ಇದೆ, ಅದು ಬೇರೆ. ಅತ್ತೆ ಇಲ್ಲದ ಮನೆಯಲ್ಲಿ ನನಗೆ ಜಗಳವಾಡಲು ಯಾರೂ ಇಲ್ಲ, ಹೊಗಳಲೂ ಯಾರೂ ಇಲ್ಲ.

ಏಪ್ರಿಲ್ 7, ಭಾನುವಾರ

ಹೇಳಿಬಿಟ್ಟೆ.

ಕಾಲ್ ಬಂದ ಕೂಡಲೇ ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ. ಕಂಬಳಿಯ ಬನಿಯನ್ ಬಿಚ್ಚಿ, ಅಡ್ಡಲಾಗಿ ನಿಲ್ಲಿಸಿ, ಬೋಳು ಜಾಗವನ್ನೇ ಮುಂದಕ್ಕೆ ತಿರುಗಿಸಿದೆ. "ಅತ್ತೆ, ನಾನು ಬೋಳಿಸಿದೆ. ಸುಟ್ಟಿತು. ಗಾಯ ವಾಸಿಯಾಗಿದೆ. ಇಲ್ಲಿ ಮಾತ್ರ ಬೆಳೀತಿಲ್ಲ, ಬೆಳೆಯುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಒಂಬತ್ತನೇದು ನಾನು ಓದಿರ್ಲಿಲ್ಲ."

ಅತ್ತೆ ಮುಖವನ್ನು ಫೋನಿಗೆ ಹತ್ತಿರ ತಂದು ಬೋಳು ಜಾಗ ನೋಡಿದರು.

"ಗೊತ್ತಿತ್ತು" ಎಂದರು.

"ಇವರು ಹೇಳಿದ್ರಾ?"

"ಅವನೆಲ್ಲಿ ಹೇಳ್ತಾನೆ, ನಿನಗೆ ಹೆದರ್ತಾನೆ. ಒಂದು ಎಳೆನೂ ಉದುರ್ತಿಲ್ಲ ಅಂದ್ಯಲ್ಲ, ಆವತ್ತೇ ಗೊತ್ತಾಯ್ತು. ಒಂಬತ್ತು ವರ್ಷದಿಂದ ಈ ನಾಯಿ ಕೂದಲು ಗುಡಿಸಿದೋಳು ನಾನು. ಅವನ ಮೈಮೇಲೆ ಕೂದಲಿದ್ರೆ ತಾನೇ ಉದುರೋದು?"

"ಮತ್ತೆ ಮೂರು ವಾರ ಯಾಕೆ ಸುಮ್ಮನಿದ್ರಿ?"

"ನೀನು ಹೇಳ್ತೀಯೋ ಇಲ್ವೋ ನೋಡೋಣ ಅಂತ." ದನಿ ಸಣ್ಣದಾಯಿತು. ಇಷ್ಟು ವರ್ಷದಲ್ಲಿ ಅವರ ದನಿ ಸಣ್ಣದಾಗಿದ್ದು ನಾನು ಕೇಳಿರಲಿಲ್ಲ. "ನಂಗೂ ಎಪ್ಪತ್ತೊಂದು. ಗುರುತಿಲ್ಲದ ಊರು. ನಾಳೆ ನಂಗೇನಾದ್ರೂ ಆದ್ರೆ, ನಂಗೂ ಟವೆಲ್ ಹೊದಿಸಿ, ಮುಖ ಮಾತ್ರ ತೋರಿಸಿ, ಚೆನ್ನಾಗಿದಾರೆ ಅಂತೀಯಾ?"

ಬಿಚ್ಚಿದ ಬನಿಯನ್ನನ್ನು ಮಡಿಸಿದೆ, ಬಿಡಿಸಿದೆ, ಮತ್ತೆ ಮಡಿಸಿದೆ.

"ಯೋಚನೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು. ಸೀಟಿ ಊದಲಿಲ್ಲ. ಕಂಬಳಿ ಫೋನಿನ ಮುಂದೆಯೇ ಕೂತಿದ್ದ.

ಏಪ್ರಿಲ್ 9, ಮಂಗಳವಾರ

ಕಾಲ್ ಇಲ್ಲ.

ಏಪ್ರಿಲ್ 10, ಬುಧವಾರ

ಇಲ್ಲ. ಇವರನ್ನು ಕೇಳಿದರೆ, "ಮಾತಾಡ್ತಿಲ್ಲ, ಅಲ್ಮೇರಾ ಕ್ಲೀನ್ ಮಾಡ್ತಿದಾರೆ" ಅಂತ. ಸಿಟ್ಟು ಬಂದಾಗಲೂ ಅಲ್ಮೇರಾ, ಊರಿಗೆ ಹೊರಟಾಗಲೂ ಅಲ್ಮೇರಾ. ಯಾವುದು ಎಂದು ಹೇಗೆ ತಿಳಿಯುವುದು?

ಏಪ್ರಿಲ್ 12, ಶುಕ್ರವಾರ. ಸಂಜೆ

ಪಾರ್ಲರಿನಲ್ಲಿ ಒಬ್ಬರ ತಲೆಗೆ ಬಣ್ಣ ಹಚ್ಚುತ್ತಿದ್ದೆ. ಅತ್ತೆಯ ವಾಯ್ಸ್ ಮೆಸೇಜ್. ಗ್ಲೌಸ್ ಸಮೇತ ಫೋನ್ ಒತ್ತಿದೆ, ಸ್ಪೀಕರ್ ಆಯಿತು, ಇಡೀ ಪಾರ್ಲರ್ ಕೇಳಿಸಿಕೊಂಡಿತು.

"ಹದಿನೈದನೇ ಸೂಚನೆ ಬರ್ಕೋ. ಇಪ್ಪತ್ತನೇ ತಾರೀಕು ಬರ್ತಿದೀವಿ. ಹೇಳೋದಕ್ಕೆ ನೀನು ನಾಲ್ಕು ವಾರ ತಗೊಂಡೆ, ಆದ್ರೆ ಹೇಳ್ದೆ. ಏರ್‌ಪೋರ್ಟಿಗೆ ಬರಬೇಡ, ನಾಯಿ ಒಂದೇ ಆಗುತ್ತೆ. ಮೆಷಿನ್ ಎತ್ತಿ ಮೇಲಿಡು."

ಕೂತಿದ್ದ ಗಿರಾಕಿ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಯಾಕೆ ಅಳ್ತಿದೀರಿ? ನನ್ನ ಬಣ್ಣ ಕೆಟ್ಟೋಯ್ತಾ?" ಎಂದು ಗಾಬರಿಯಾದಳು. ಇಲ್ಲ ಮಹಾತಾಯಿ, ನನ್ನ ಕೈಯಲ್ಲಿ ಬಣ್ಣ ಎಂದೂ ಕೆಟ್ಟಿಲ್ಲ.

ಏಪ್ರಿಲ್ 20, ಶನಿವಾರ. 11.10

ಇಳಿದಾಯಿತಂತೆ. ಇವರ ಮೆಸೇಜ್: "ಟ್ಯಾಕ್ಸಿ ಹತ್ತಿದ್ವಿ. ಡ್ರೈವರಿಗೆ ಅಮ್ಮ ಲೈನಲ್ಲಿ ಹೋಗು ಅಂತಿದಾರೆ."

ಅತ್ತೆಯ ರೂಮಿಗೆ ಫ್ಯಾನು, ಸೊಳ್ಳೆಪರದೆ. ನೆಲ ಒರೆಸಿದೆ. ಒರೆಸಿದ ಕಡೆಯೆಲ್ಲ ಮೇಡಂ ನಡೆದು ಹೆಜ್ಜೆ ಮೂಡಿಸಿತು. ಹೆಗಲಿನಿಂದ ಕಂಬಳಿಯ ಕೂದಲು ಉದುರಲು ಶುರುವಾಗಿದೆ. ಬಾಚಣಿಗೆಯಲ್ಲಿ ಒಂದು ಹಿಡಿ ಬಂತು. ಎಸೆಯದೆ ಅತ್ತೆಯ ಮೇಜಿನ ಮೇಲೆ ಇಟ್ಟಿದ್ದೇನೆ.

11.45

ಬನಿಯನ್ ಬಿಚ್ಚಿದೆ. ಬೆನ್ನು ಇದ್ದ ಹಾಗೇ ನೋಡಲಿ. ಬೋಳಿನ ಅಂಚಿನಲ್ಲಿ ಏನೋ ನವಿರಾಗಿ ಬೆರಳಿಗೆ ಹತ್ತುತ್ತದೆ. ನನ್ನ ಆಸೆಯೋ ಕೂದಲೋ, ಅವರೇ ಹೇಳಲಿ.

ಕೆಳಗೆ ಕಾರಿನ ಬಾಗಿಲು ಬಡಿಯಿತು. ಕಂಬಳಿಯ ಕಿವಿ ನೆಟ್ಟಗಾಯಿತು.

ಸೀಟಿ. ಒಂದು. ಎರಡು...

ಬೊಗಳಿದ! ಏಳು ವಾರ ಬಾಯಿ ಕಟ್ಟಿಕೊಂಡಿದ್ದವನು ಇಡೀ ಬಿಲ್ಡಿಂಗ್ ನಡುಗುವ ಹಾಗೆ — ಬಾಗಿಲು ಕೆರೆಯುತ್ತಿದ್ದಾನೆ, ಮೇಡಂ ಫ್ರಿಜ್ಜಿನ ಮೇಲೆ, ಚಿಲಕ ತೆಗೆಯಬೇಕು, ಬಂದೆ ಅತ್ತೆ, ಬಂ