ಬೀಗದ ಚಿತ್ರಕ್ಕೆ ನಾನಂದದ್ದು

ಮಂಗಳವಾರ, 17 ಜೂನ್ 2025

ಗುರುವಾರ ಆಪರೇಷನ್. ಗಡ್ಡೆ ಮೆದುಳಿನ ಆಳದಲ್ಲಿ, ಮಾತಿನ ಜಾಗಕ್ಕೆ ಅಂಟಿಕೊಂಡೇ ಇದೆ. ಹಾಗಾಗಿ ತಲೆ ತೆರೆದ ಮೇಲೆ ನನ್ನನ್ನು ಎಚ್ಚರಿಸಿ ಚಿತ್ರ ತೋರಿಸುತ್ತಾರಂತೆ. ನಾನು ಹೆಸರು ತಪ್ಪಿದ ಕಡೆ ಡಾಕ್ಟರು ಕೈ ನಿಲ್ಲಿಸುತ್ತಾರೆ. ಅಲ್ಲಿಂದಾಚೆಯ ಗಡ್ಡೆ ಒಳಗೇ ಉಳಿಯುತ್ತದೆ.

ಇವತ್ತು ಅದರ ತಾಲೀಮು. ಥೆರಪಿಸ್ಟ್ ಮಿಸ್ಬಾ ಕೊಡೆಯ ಚಿತ್ರ ಹಿಡಿದರು. ‘ಕೊಡೆ, ಜೊತೆಗೆ ಬಿಸಿ ವಡೆ’ ಅಂದೆ.

‘ಸರ್, ಪ್ರಾಸ ಮನೇಲಿಟ್ಕೊಳ್ಳಿ. ಇಲ್ಲಿ ಒಂದೇ ಪದ. ಈಗ ತಪ್ಪೋ ಚಿತ್ರನ ತೆಗೆದುಹಾಕ್ತೀನಿ, ಇಲ್ಲಾಂದ್ರೆ ಅವತ್ತು ಡಾಕ್ಟರು ಸುಮ್ನೆ ನಿಲ್ಲಿಸ್ಬಿಡ್ತಾರೆ.’

‘ಇವ್ರು ಥಿಯೇಟರಲ್ಲೂ ಬಿಡಲ್ಲ ನೋಡ್ತಿರಿ’ ಅಂದಳು ನನ್ನ ಹೆಂಡತಿ ಆಶಾ.

ಆಮೇಲೆ ಬೀಗದ ಚಿತ್ರ ಬಂತು. ‘ರಾಗ’ ಅಂದೆ. ಇಬ್ಬರೂ ನಕ್ಕರು, ನಾನೂ ನಕ್ಕೆ. ‘ನಿಮಗೆ ಗೊತ್ತು ಬಿಡಿ ಸರ್’ ಎಂದು ಮಿಸ್ಬಾ ಸರಿ ಗುರುತು ಹಾಕಿಬಿಟ್ಟರು.

ಅದು ತಮಾಷೆಯೇ? ಬೀಗ ಅನ್ನಲೆಂದೇ ಬಾಯಿ ತೆರೆದಿದ್ದೆ ಅನ್ನಿಸುತ್ತಿದೆ. ‘ರಾಗ’ ಅಂದದ್ದು ನನ್ನ ಚಾಳಿಯೋ ಗಡ್ಡೆಯೋ ತಿಳಿಯುತ್ತಿಲ್ಲ. ನಾಳೆ ಮಿಸ್ಬಾಗೆ ಫೋನ್ ಮಾಡಲೇಬೇಕು. ಜೊತೆಗೆ ನಕ್ಕ ಆಶಾಗೆ ಏನು ಹೇಳಲಿ? ಬರೆಯುವಾಗೇನೋ ಸಲೀಸಾಗಿ ಬರುತ್ತಿದೆ: ಬೀಗ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡೋಣವೆಂದರೆ ಅವಳು ಪಕ್ಕದಲ್ಲೇ ಎಚ್ಚರವಾಗಿದ್ದಾಳೆ, ಮತ್ತೆ ‘ರಾಗ’ ಅಂತಲೇ ಬಂದರೆ ಅವಳಿಗೂ ಕೇಳಿಸಿಬಿಡುತ್ತದೆ.