ಗದ್ದ ಹಿಡಿದ ಕೈ

ಹರಿಯಬ್ಬೆ
18-11-2024

ಮುದ್ದಿನ ಮೊಮ್ಮಗಳು ಮೇಘಶ್ರೀಗೆ,

ತಾತ ಎತ್ತಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಕಣ್ಣಿನ ನೆಪ ಹೇಳಬಹುದಿತ್ತು. ಕಣ್ಣು ಚೆನ್ನಾಗಿಯೇ ಇವೆ. ಬರೆಯಲು ಕೈ ಬರಲಿಲ್ಲ, ಅಷ್ಟೆ. ನಿನ್ನ ಅಜ್ಜಿ ಹುರುಳಿ ಕಟ್ಟಿಟ್ಟಿದ್ದಾಳೆ, ದುರ್ಗದ ಬಸ್ಸಿನವರ ಕೈಲಿ ಕಳಿಸುತ್ತಾಳಂತೆ.

ನೀನು ಕಾಲೇಜಿನಲ್ಲಿ ಮಾಡಲಿರುವ ಪಾಠವನ್ನು ಅಕ್ಷರ ಕೂಡಿಸಿಕೊಂಡು ಮೂರು ಸಲ ಓದಿದೆ. ಅಮೆರಿಕದವರು ದನ, ಕೋಳಿಗಳ ತಳಿ ನೋಡುವ ಲೆಕ್ಕವನ್ನೇ ಮನುಷ್ಯರಿಗೂ ಹಾಕಿದ್ದು, ಬೇರೆ ದೇಶಗಳಿಂದ ನೆಲೆಸಲು ಬಂದು ಹಡಗಿಳಿದವರಲ್ಲಿ ಮಂದಬುದ್ಧಿ ಎನ್ನಿಸಿದವರ ಅಂಗಿಗೆ ಸೀಮೆಸುಣ್ಣದ ಗುರುತು ಹಾಕಿದ್ದು, ಕೊನೆಗೆ 1924ರಲ್ಲಿ ಇಂಥ ದೇಶದಿಂದ ಇಷ್ಟೇ ಜನ ಬರಬೇಕೆಂದು ಕಾನೂನೇ ಮಾಡಿದ್ದು. ‘ತಾತ, ಟಗರಿನ ತಳಿ ಬಲ್ಲವರು ನೀವು. ಮನುಷ್ಯರಿಗೆ ಈ ಲೆಕ್ಕ ಸಲ್ಲದು ಎಂದು ನಮ್ಮ ಹುಡುಗರಿಗೆ ಬಂದು ಹೇಳಿ’ ಎಂದು ಬರೆದಿದ್ದೀಯ. ನಾನು ಬರಲಾರೆ, ಮಗಳೇ.

ಹೋದ ವರ್ಷ ಆಂಧ್ರದ ಕಡೆಯಿಂದ ದಾಳಿಂಬೆ ತೋಟದ ಕೆಲಸಕ್ಕೆ ಬಂದ ಗಂಡಹೆಂಡತಿ ನಮ್ಮ ಹಟ್ಟಿಯ ಅಂಚಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತೇವೆಂದು ಕೇಳಿದರು. ಅವರ ಐದು ವರ್ಷದ ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಕಟ್ಟೆಯ ಮೇಲಿದ್ದವರು, “ಎತ್ತಪ್ಪಣ್ಣ, ನೀನೇ ನೋಡಿ ಹೇಳಪ್ಪ. ನಿನ್ ಕಣ್ಣು ತಪ್ಪಾಕಿಲ್ಲ” ಎಂದು ಉಬ್ಬಿಸಿದರು. ನಾನೂ ಉಬ್ಬಿದೆ. ಸಂತೆಯಲ್ಲಿ ಕುರಿಯ ಹಲ್ಲು ನೋಡುವ ಹಾಗೆ ಆ ಕೂಸಿನ ಗದ್ದ ಹಿಡಿದು ಬಾಯಿ ತೆರೆಸಿದೆ. ಅದು ಅಳಲಿಲ್ಲ.

“ಎಷ್ಟ್ ಹಲ್ಲು ಅವೆ ಯಜಮಾನ್ರೆ? ರೇಟೂ ಹೇಳ್ಬುಡ್ರಿ” ಎಂದಳು ಅದರ ತಾಯಿ ಕಾಟಮ್ಮ. ಜನ ನಕ್ಕರು. ನನಗೆ ಸಿಟ್ಟು ಬಂತು.

“ತಳಿ ಸರಿ ಇಲ್ಲ. ಇಲ್ಲೇ ಬೆಳೆದ್ರೆ ನಾಳೆ ನಮ್ಮ ಸಂಬಂಧದಾಗೂ ಬೆರೀತೈತೆ. ಬ್ಯಾಡ” ಎಂದುಬಿಟ್ಟೆ.

ಅವತ್ತೇ ಗಂಟು ಕಟ್ಟಿಕೊಂಡು ಹೋದರು. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ನೀನು ಪಾಠದಲ್ಲಿ ಬೈದಿರುವ ಆ ಅಮೆರಿಕದ ದೊಡ್ಡ ಮನುಷ್ಯರ ಸಾಲಿನಲ್ಲಿ ನನ್ನ ಹೆಸರನ್ನೂ ಸೇರಿಸಿ ಹುಡುಗರಿಗೆ ಓದು. ಆಮೇಲೂ ತಾತ ಎನ್ನುವುದು ಬಿಡುವುದು ನಿನಗೆ ಬಿಟ್ಟದ್ದು. ನಿನಗೆ ಒಳ್ಳೆಯದಾಗಲಿ, ವಿದ್ಯೆ ಇನ್ನೂ ಹೆಚ್ಚಲಿ.

ಇಂತಿ,
ಎತ್ತಪ್ಪ

ವಿ.ಸೂ.: ನನಗೂ ಏಳು ತುಂಬುವ ತನಕ ಮಾತು ಬಂದಿರಲಿಲ್ಲ. ಈಗ ಬದುಕಿರುವವರಲ್ಲಿ ಇದು ನಮ್ಮ ಅಕ್ಕ ಏಕಾಂತಮ್ಮನಿಗೊಬ್ಬಳಿಗೇ ಗೊತ್ತು. ಅವತ್ತು ಅವಳೂ ಅಲ್ಲಿದ್ದಳು. ನಾನೇ ಹೇಳುತ್ತೇನೇನೋ ಎಂದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಹೇಳಲಿಲ್ಲ.